ಗುಳಿಬಿದ್ದ ನಳಿಗೆ

ಕಾವೇರಿಯ ದಡದಲ್ಲಿ ಉತ್ತಯ್ಯ ಎಂಬ ಗುರುಗಳಿದ್ದರು. ಮಂತ್ರ ಹೇಳಿಕೊಡುವ ಗುರುಗಳಲ್ಲ, ಕೋವಿ ರಿಪೇರಿ ಕಲಿಸುವವರು. ಶಿಷ್ಯ ಒಬ್ಬನೇ, ಚೆಂಗಪ್ಪ. ಕೈ ಬಲು ಚುರುಕು. ಅದು ಅವನಿಗೂ ಗೊತ್ತಿತ್ತು, ಅಲ್ಲೇ ಇತ್ತು ತೊಂದರೆ.

ಅಲ್ಲಿ ಒಂದು ಕಟ್ಟುಪಾಡು. ರಿಪೇರಿ ಮಾಡಿದವನೇ ಮೊದಲ ಗುಂಡು ಹಾರಿಸಿ, ಆಮೇಲೆ ಕೋವಿಯನ್ನು ಒಡೆಯನ ಕೈಗೆ ಕೊಡಬೇಕು.

ಆಚೆ ದಡದ ಮಾಚಯ್ಯ ಒಂದು ಹಳೆಯ ಕೋವಿ ತಂದ. ಸೈನ್ಯದವರು ಬೇಡವೆಂದು ಹರಾಜು ಹಾಕಿದಾಗ ಅವನಪ್ಪ ಕೊಂಡದ್ದು. ನಳಿಗೆಯ ತುಂಬ ತುಕ್ಕು.

"ಸೊಸೆಗೆ ದಿನ ತುಂಬಿದೆ ಗುರುಗಳೇ. ನಾನು ಹುಟ್ಟಿದಾಗ ಅಪ್ಪ ಇದರಲ್ಲೇ ಗುಂಡು ಹಾರಿಸಿದ್ದು. ಮೊಮ್ಮಗುವಿಗೂ ಇದೇ ಆಗಬೇಕು."

ಗುರುಗಳು ಕೋವಿಯನ್ನು ಶಿಷ್ಯನಿಗೆ ಕೊಟ್ಟರು. "ಚೆನ್ನಾಗಿ ಮಾಡಿದರೆ ಇನ್ನು ಮೇಲೆ ನೀನೇ ಬೇರೆ ಅಂಗಡಿ ಇಡಬಹುದು. ತುಕ್ಕು ತೆಗಿ. ಅದರಡಿ ಗುಳಿ ಕಂಡರೆ ಮುಟ್ಟಬೇಡ."

ಈ ಮಾತಿಗೆ ಚೆಂಗಪ್ಪ ವರ್ಷಗಟ್ಟಲೆ ಕಾದಿದ್ದ.

ತುಕ್ಕು ಹೋಯಿತು. ಅದರಡಿಯಲ್ಲಿ ಸಿಡುಬಿನ ಕಲೆಗಳ ಹಾಗೆ ಗುಳಿಗಳು ಕಂಡವು.

"ಗುರುಗಳೇ, ಈ ಗುಳಿಗಳನ್ನೂ ತೆಗೆದುಬಿಡಲೇ?"

"ಗುಳಿ ಅಂದರೆ ಅಲ್ಲಿ ಇಲ್ಲದ್ದು. ಇಲ್ಲದ್ದನ್ನು ಹೇಗೋ ತೆಗೀತೀಯ?"

ಇದೊಳ್ಳೆ ಕಥೆಯಾಯಿತು ಎಂದುಕೊಂಡ ಚೆಂಗಪ್ಪ. ಗುರುಗಳ ಸ್ವಂತ ಕೋವಿಯ ತುಂಬ ಕೂಡ ಗುಳಿಗಳೇ. ವಯಸ್ಸಾಯಿತು, ಕಣ್ಣು ಮಂಜು, ಅದಕ್ಕೇ ಈ ಮಾತು.

ಗುರುಗಳು ಸಂತೆಗೆ ಹೋದಾಗ ಅರ ಹಿಡಿದು ಕೂತ. ಗುಳಿಯ ಸುತ್ತ ಉಜ್ಜಿದ. ಗುಳಿ ಇನ್ನೂ ಇತ್ತು. ಅದರ ತಳ ಸಿಗುವವರೆಗೂ ಉಜ್ಜಿದ. ಕಬ್ಬಿಣದ ಪುಡಿಯನ್ನು ಮೊರಕ್ಕೆ ಬಳಿದು ಆಚೆ ಚೆಲ್ಲಿದ. ಮೊರ ಭಾರವಾಗಿತ್ತು. ಕೊನೆಗೆ ಕಪ್ಪು ಬಣ್ಣ ಹಿಡಿಸಿ ಎಣ್ಣೆ ಸವರಿದರೆ, ನಳಿಗೆಯಲ್ಲಿ ಅವನ ಮುಖವೇ ಕಾಣುತ್ತಿತ್ತು.

ಗುರುಗಳು ಬಂದು ಕೋವಿಯನ್ನು ಕೈಯಲ್ಲೇ ತೂಗಿ ನೋಡಿದರು.

"ಹೊಳೀತಿದೆ" ಎಂದರು. ಅಷ್ಟೇ.

ಮರುದಿನ ಬೆಳಿಗ್ಗೆ ಮಾಚಯ್ಯ ಓಡೋಡಿ ಬಂದ. "ಗಂಡು ಮಗು ಗುರುಗಳೇ! ಕೋವಿ ಕೊಡಿ!"

ಗುರುಗಳು ಒಂದು ತೋಟಾ ತೆಗೆದುಕೊಂಡು ಕೋವಿಯ ಮೇಲೆ ಬಗ್ಗಿದರು. ಖಟ್ಟನೆ ಮುಚ್ಚಿ ಶಿಷ್ಯನಿಗೆ ಕೊಟ್ಟರು. "ಮೊದಲ ಗುಂಡು ನಿನ್ನದು."

ಚೆಂಗಪ್ಪ ಕೋವಿಯನ್ನು ಕೆನ್ನೆಗೆ ಒತ್ತಿಕೊಂಡ. ನಳಿಗೆ ಹಗುರವಾಗಿತ್ತು. ಮೊರದ ಭಾರ ನೆನಪಾಯಿತು.

"ಹಾರಿಸೋ, ಮನೆಯಲ್ಲಿ ಕಾಯ್ತಿದ್ದಾರೆ" ಎಂದ ಮಾಚಯ್ಯ.

ಒಂದು ಗುಂಡನ್ನು ನಳಿಗೆ ತಡೆದರೂ ತಡೆಯಬಹುದು. ತಡೆದರೆ ಅಂಗಡಿ ತನ್ನದು. ಆದರೆ ಎರಡನೆಯ ಗುಂಡು ಹಾರುವುದು ಮಾಚಯ್ಯನ ಕೆನ್ನೆಯ ಪಕ್ಕ.

ಚೆಂಗಪ್ಪ ಕೋವಿ ಇಳಿಸಿದ. "ಮಾಚಯ್ಯಣ್ಣ, ಇದನ್ನು ಹಾರಿಸಬೇಡಿ, ಸಿಡಿಯುತ್ತೆ. ಉಜ್ಜಿ ಉಜ್ಜಿ ತೆಳ್ಳಗೆ ಮಾಡಿಬಿಟ್ಟೆ. ತಪ್ಪು ನನ್ನದು."

ಮಾಚಯ್ಯನ ಮುಖ ಸಪ್ಪಗಾಯಿತು. "ಅಪ್ಪನ ಕೋವಿ ಕಣೋ ಅದು."

ಗುರುಗಳು ಒಳಗೆ ಹೋಗಿ ತಮ್ಮ ಗುಳಿಬಿದ್ದ ಕೋವಿ ತಂದರು. "ಇದನ್ನು ನೀನೇ ಇಟ್ಟುಕೋ ಮಾಚಯ್ಯ. ಮಗು ಕಾಯಬಾರದು."

ಮಾಚಯ್ಯ ಎರಡನ್ನೂ ಹೆಗಲಿಗೇರಿಸಿ ದೋಣಿ ಹತ್ತಿದ.

ಸ್ವಲ್ಪ ಹೊತ್ತಿಗೆ ಆಚೆ ದಡದಿಂದ ಗುಂಡಿನ ಸದ್ದು ಕೇಳಿತು. ಚೆಂಗಪ್ಪನಿಗೆ ಅಳು ಬಂತು.

ಗುರುಗಳು ಜೇಬಿನಿಂದ ಒಂದು ತೋಟಾ ತೆಗೆದು ಜಗಲಿಯ ಮೇಲಿಟ್ಟರು. ಬೆಳಗಿನದೇ. ಅದನ್ನು ಅವರು ಕೋವಿಗೆ ಹಾಕಿರಲೇ ಇಲ್ಲ.

ಚೆಂಗಪ್ಪ ಅದನ್ನೇ ನೋಡಿದ. "ನಾನು ಟ್ರಿಗರ್ ಎಳೆದಿದ್ದರೆ, ಗುರುಗಳೇ?"

"ಕೋವಿ ಸುಮ್ಮನಿರ್ತಿತ್ತು. ನೀನು ಗಂಟುಮೂಟೆ ಕಟ್ಟಿ ಮಾಚಯ್ಯನ ದೋಣಿಯಲ್ಲೇ ನಿನ್ನೂರಿಗೆ ಹೋಗ್ತಿದ್ದೆ."