ಅಧ್ಯಕ್ಷರು ಆರಿಸಿದ ಗ್ರಾಫಿಕ್ಸ್ ಕಾರ್ಡ್

ಹಾಲಿನ ಸಂಘಕ್ಕೆ ಕಂಪ್ಯೂಟರ್ ತರಬೇಕಿತ್ತು. ಅಧ್ಯಕ್ಷ ಹಾಲಸಿದ್ದಪ್ಪನವರದು ಒಂದೇ ಹಟ. "ಪಕ್ಕದೂರಿನ ಸಂಘದವರು ಚಿತ್ರ ಚೆಂದ ಕಾಣಲಿ ಅಂತ ಬೇರೆಯಾಗಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದಾರೆ. ಕಂಪ್ಯೂಟರ್ ಜೊತೆಗೇ ಬರೋದು ನಮ್ಮ ಅಂತಸ್ತಿಗೆ ಸಾಲದು."

ಕಾರ್ಡ್ ತಗೊಂಡರೆ ಪ್ರಿಂಟರ್‌ಗೆ ದುಡ್ಡು ಉಳಿಯುತ್ತಿರಲಿಲ್ಲ. ದಿನಾ ಹಾಲಿನ ಚೀಟಿ ಬರೆದೂ ಬರೆದೂ ಸಂಘದ ಗುಮಾಸ್ತೆಯ ಕೈ ಬಿದ್ದುಹೋಗಿತ್ತು. ಆದರೂ ಆಕೆ ಎದುರಾಡಲಿಲ್ಲ. "ಆಗಲಿ ಸರ್, ಅಂಗಡಿಗೆ ಬಂದು ನೀವೇ ಆರಿಸಿ" ಅಂದಳು.

ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಅಕ್ಕಪಕ್ಕ ಇದ್ದವು. ಒಂದಕ್ಕೆ ಮಾತ್ರ ಬೇರೆ ಕಾರ್ಡ್ ಇತ್ತು. ಅಧ್ಯಕ್ಷರು ಟೀ ಕುಡಿಯುವಷ್ಟರಲ್ಲಿ ಗುಮಾಸ್ತೆ ಎರಡರಲ್ಲೂ ಅವರ ಸನ್ಮಾನದ ಫೋಟೋ ಹಾಕಿಸಿದಳು. ಮೈಸೂರು ಪೇಟ, ಶಾಲು, ಗಂಧದ ಹಾರ, ಎಲ್ಲ ಇತ್ತು. ಕಾರ್ಡ್ ಇಲ್ಲದ್ದರ ಪರದೆಯ ಬೆಳಕನ್ನು ಮಾತ್ರ ಸ್ವಲ್ಪ ಏರಿಸಿದಳು.

"ಕಾರ್ಡ್ ಇರೋದು ಯಾವುದು, ಹೇಳಿ ಸರ್."

ಅಧ್ಯಕ್ಷರು ತಾವು ಬೆಳ್ಳಗೆ ಕಾಣುವ ಪರದೆಯನ್ನೇ ತೋರಿಸಿದರು. "ಇದೇ. ಕೇಳೋದೇನಿದೆ? ಕಾರ್ಡಿನ ಕಳೆನೇ ಬೇರೆ."

ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ.

"ಸರ್ ಆರಿಸಿದ್ದನ್ನೇ ಕೊಡಿ" ಅಂದಳು ಗುಮಾಸ್ತೆ. "ಜೊತೆಗೊಂದು ಪ್ರಿಂಟರ್."

ಅಧ್ಯಕ್ಷರಿಗೆ ಆಶ್ಚರ್ಯ. "ಪ್ರಿಂಟರ್‌ಗೂ ದುಡ್ಡು ಉಳೀತೇನಮ್ಮಾ?"

"ನೀವು ಆರಿಸಿದ್ದರಿಂದಲೇ ಉಳೀತು ಸರ್."