ರಾಗಿಕಾಳಿನಷ್ಟು ಮಾಣಿಕ್ಯ

"ಗುರುಗಳೇ, ನನ್ನ ಮುಖದಲ್ಲಿ ಕಳೆ ಬಂದಿದೆ ಎಂದು ಜನ ಹೇಳುತ್ತಾರೆ. ಅದು ಒಳಗಿನ ಬೆಳಕೋ, ಬರೀ ಮೇಲಿನ ಮೆರುಗೋ? ತಿಳಿಯುವುದು ಹೇಗೆ?" ಎಂದು ಗುರುಶಾಂತ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಹನ್ನೊಂದು ವರ್ಷ ಅವನು ಗುರುಗಳ ಬಳಿ ಓದಿದ್ದ. ಈಗ ಅವನ ಪ್ರವಚನವೆಂದರೆ ಊರಿಗೆ ಊರೇ ಬಂದು ಕೂರುತ್ತಿತ್ತು. ಬರುವ ಸೋಮವಾರ ಅವನನ್ನು ಗುಡ್ಡದ ಮೇಲಿನ ಮಠದ ಪೀಠದಲ್ಲಿ ಕೂರಿಸುವುದೆಂದು ಭಕ್ತರು ನಿಶ್ಚಯಿಸಿದ್ದರು. ಗುರುಗಳು ಹೂಂ ಎನ್ನುವುದೊಂದೇ ಬಾಕಿ. ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಕೂತುಕೋ ಎಂದು ಕೈಯಲ್ಲೇ ತೋರಿಸಿ ಕತೆ ಶುರು ಮಾಡಿದರು.

ಒಬ್ಬ ಚಿತ್ರಗಾರನಿದ್ದ. ಹೆಬ್ಬೆರಳುದ್ದದ ಮರದ ಗೊಂಬೆಗಳಿಗೆ ಬಣ್ಣ ಹಾಕುವುದು ಅವನ ಕಸುಬು. ಅದರಲ್ಲೂ ಒಡವೆಯ ಹರಳು ಬರೆಯುವುದರಲ್ಲಿ ಅವನನ್ನು ಮೀರಿದವರಿಲ್ಲ. ಗೊಂಬೆಯೇ ಹೆಬ್ಬೆರಳುದ್ದ ಎಂದ ಮೇಲೆ ಅದರ ಹರಳು ಎಷ್ಟಿದ್ದೀತು? ರಾಗಿಕಾಳಿನಷ್ಟು. ಅಷ್ಟು ಜಾಗದಲ್ಲಿ ಅವನು ಮಾಣಿಕ್ಯ ಬರೆದರೆ, ನೋಡಿದವರಿಗೆ ಉಗುರಿನಿಂದ ಎಬ್ಬಿಸಿಕೊಳ್ಳೋಣ ಅನ್ನಿಸುತ್ತಿತ್ತು.

ಬೇರೆಯವರು ಬೆಳಕು ಬೀಳುವ ಕಡೆ ತಿಳಿಬಣ್ಣ ಹಾಕಿ, ಕೆಳಗೆ ಕಪ್ಪಾಗಿಸುತ್ತಿದ್ದರು. ಇವನದು ತಿರುಗಾಮುರುಗಾ. ಬೆಳಕು ಬೀಳುವ ಕಡೆಗೇ ಕಪ್ಪಿಗೆ ಹತ್ತಿರದ ಕೆಂಪು. ಕೆಳಗಿಳಿದಂತೆ ಕೆಂಪು ತಿಳಿಯಾಗುತ್ತ, ಬುಡದಲ್ಲಿ ಕೆಂಡದ ಹಾಗೆ ಬೆಳಗಬೇಕು. ಮೇಲಿನ ಕಪ್ಪಿನಲ್ಲಿ ಬಿಳಿಯ ಒಂದೇ ಒಂದು ಚುಕ್ಕೆ. ಕೊನೆಗೆ, ಹರಳಿನ ಕೆಳಗಿನ ಬಟ್ಟೆಯ ಮೇಲೆ ಕಂಡೂ ಕಾಣದಷ್ಟು ಕೆಂಪಿನ ಛಾಯೆ. ಬೆಳಕು ಹರಳನ್ನು ಹೊಕ್ಕು, ದಾಟಿ, ಆಚೆಗೂ ಬೀಳುತ್ತದೆ. ಅದನ್ನು ಅವನು ನೋಡಿ ನೋಡಿ ಕಲಿತಿದ್ದ.

ಆ ಸೀಮೆಯ ಪಾಳೆಯಗಾರ ತನ್ನದೊಂದು ಗೊಂಬೆ ಮಾಡಿಸಿದ. ಅವನ ರುಮಾಲಿನ ಪದಕದಲ್ಲಿ ಮುತ್ತಜ್ಜನ ಕಾಲದ ಮಾಣಿಕ್ಯವಿತ್ತು. ಜನ ಕೈ ಮುಗಿಯುತ್ತಿದ್ದುದು ದೊರೆಗೋ ಆ ಕಲ್ಲಿಗೋ ಹೇಳುವುದು ಕಷ್ಟ. ಸದಾ ತನ್ನ ತಲೆಯ ಮೇಲೆಯೇ ಇರುತ್ತಿದ್ದುದರಿಂದ ದೊರೆ ಮಾತ್ರ ಅದನ್ನು ಸರಿಯಾಗಿ ನೋಡಿರಲಿಲ್ಲ.

ಗೊಂಬೆ ಬಂತು. ಪಾಳೆಯಗಾರ ಅದನ್ನು ಕಣ್ಣಿನ ಹತ್ತಿರ ಹಿಡಿದು ಹುಬ್ಬು ಗಂಟಿಕ್ಕಿದ.

"ಏನಯ್ಯಾ, ನಮ್ಮ ಮನೆತನದ ಮಾಣಿಕ್ಯದ ನೆತ್ತಿಗೇ ಮಸಿ ಬಳಿದಿದ್ದೀಯಲ್ಲ?"

"ಹರಳಿನ ಗುಣವೇ ಹಾಗೆ, ಬುದ್ಧಿ. ಬೆಳಕು ಮೇಲೆ ನಿಲ್ಲುವುದಿಲ್ಲ, ಒಳಕ್ಕೆ ಇಳಿದುಬಿಡುತ್ತದೆ."

"ನನ್ನ ಹರಳಿನ ಗುಣ ನೀನು ನನಗೆ ಹೇಳಿಕೊಡುತ್ತೀಯಾ? ತಗೋ, ಕೈಯಲ್ಲೇ ಹಿಡಿದು ನೋಡು. ಇದ್ದದ್ದನ್ನು ಇದ್ದ ಹಾಗೆ ಬರೆ. ಕೂದಲೆಳೆಯಷ್ಟು ತಪ್ಪಿದರೂ ನಾಳೆಯಿಂದ ಈ ಸೀಮೆಯಲ್ಲಿ ನೀನು ಕುಂಚ ಹಿಡಿಯಕೂಡದು" ಎಂದು ಪದಕದಿಂದ ಕಲ್ಲು ಬಿಡಿಸಿ ಕೊಟ್ಟ.

ಚಿತ್ರಗಾರ ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬಳಿ ಹೋದ. ಬಿಸಿಲು ಕಲ್ಲಿನ ನೆತ್ತಿಯ ಮೇಲೆ ಬಿತ್ತು. ಬಿದ್ದಲ್ಲೇ ನಿಂತಿತು. ನೆತ್ತಿ ಥಳಥಳ ಹೊಳೆಯಿತು. ಬುಡ ಮಂಕು. ಅದರಾಚೆ, ಅವನ ಅಂಗೈಯ ಮೇಲೆ, ಕರಿಯ ನೆರಳು.

ಅವನು ಕಲ್ಲನ್ನು ತಿರುಗಿಸಿ ಇನ್ನೊಮ್ಮೆ ನೋಡಿದ. ನಲವತ್ತು ವರ್ಷ ರಾಗಿಕಾಳಿನಷ್ಟು ಜಾಗದಲ್ಲಿ ಬೆಳಕನ್ನು ಓಡಾಡಿಸಿದವನು. ತನ್ನ ಕೈಯಲ್ಲಿರುವುದು ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಮುತ್ತಜ್ಜನ ಮಾನಕ್ಕೆ ಕೈಯಿಟ್ಟಂತೆ. ತಲೆ ಉಳಿಯುವುದು ಅನುಮಾನ. ಮೊದಲಿನಂತೆಯೇ ಬಿಟ್ಟರೆ ಕುಂಚ ಹೋಗುತ್ತದೆ, ಬರೆದದ್ದೂ ಸುಳ್ಳಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ? ಅಪ್ಪಣೆಯಾಗಿರುವುದೂ ಅದೇ ತಾನೆ. ಅವನು ಅಲ್ಲೇ ನೆಲದ ಮೇಲೆ ಕೂತ. ಮೊದಲು ಬರೆದದ್ದನ್ನು ಒರೆಸಿ, ನೆತ್ತಿಗೆ ತಿಳಿಬಣ್ಣ ಹಾಕಿದ, ಬುಡಕ್ಕೆ ಮಂಕು ಕೊಟ್ಟ, ಕೆಳಗಿನ ಬಟ್ಟೆಯ ಮೇಲೆ ಕಂಡಷ್ಟೇ ನೆರಳು ಎಳೆದ. ಕುಂಚ ಅಲುಗದಂತೆ ಪ್ರತಿ ಸಲವೂ ಉಸಿರು ಹಿಡಿಯಬೇಕಾಯಿತು.

ದೊಡ್ಡ ವಸ್ತುವಾದರೆ ಬಣ್ಣ ಕಣ್ಣನ್ನು ಮರುಳು ಮಾಡೀತು. ರಾಗಿಕಾಳಿನಲ್ಲಿ ಅದಕ್ಕೆಲ್ಲ ಜಾಗವೆಲ್ಲಿದೆ? ಬೆಳಕು ಹೋದ ದಾರಿಯೊಂದೇ ಅಲ್ಲಿ ಉಳಿಯುವುದು.

ಪಾಳೆಯಗಾರ ಗೊಂಬೆಯನ್ನು ಮತ್ತೆ ಕಣ್ಣಿಗೆ ಹಿಡಿದ.

"ಇದೇನಯ್ಯಾ, ಅರಗು ಮೆತ್ತಿದ ಬೆಣಚುಕಲ್ಲು ಬರೆದಿದ್ದೀಯ?"

"ಅಂಗೈಯಲ್ಲಿ ಕಂಡದ್ದನ್ನೇ ಬರೆದೆ, ಬುದ್ಧಿ."

ಪಾಳೆಯಗಾರ ಎದ್ದ. ಕಲ್ಲನ್ನು ಕಿತ್ತುಕೊಂಡು ತಾನೇ ಕಿಟಕಿಗೆ ಹೋದ. ಹೀಗೆ ತಿರುಗಿಸಿದ, ಹಾಗೆ ತಿರುಗಿಸಿದ. ಎತ್ತ ತಿರುಗಿಸಿದರೂ ಅವನ ಅಂಗೈಯ ಮೇಲಿನ ನೆರಳು ಅಲ್ಲಿಂದ ಏಳಲಿಲ್ಲ. ಸೊಂಟದ ಬಾಕು ತೆಗೆದು ಅದರ ತುದಿಯಿಂದ ಕೆರೆದ. ಕೆಂಪು ಚಕ್ಕೆಯಾಗಿ ಎದ್ದು ಬಂತು. ಅವನು ಬಾಕನ್ನು ಒರೆಗೆ ಸೇರಿಸಿದ. ಚಿತ್ರಗಾರ ತಲೆ ತಗ್ಗಿಸಿ ಕಾದ.

ಪಾಳೆಯಗಾರ ಮನಸ್ಸು ಮಾಡಿದ್ದರೆ ಮೊದಲಿನಂತೆಯೇ ಬರೆದುಬಿಡು ಎನ್ನಬಹುದಿತ್ತು. ಎನ್ನಲಿಲ್ಲ. "ಗೊಂಬೆಯ ಹರಳು ಅಳಿಸಿಬಿಡು. ರುಮಾಲು ಬರಿದೇ ಇರಲಿ" ಎಂದ. ಆಮೇಲೆ, ಹೊರಟವನನ್ನು ತಡೆದು, "ನಿನ್ನ ಕುಂಚ ಇಲ್ಲೇ ಬಿಟ್ಟಿದ್ದೀಯ, ತೆಗೆದುಕೊಂಡು ಹೋಗು" ಎಂದ.

ಕತೆ ಮುಗಿಯಿತು. ತಿಳಿಯಿತು ಅನ್ನಿಸಿ ಗುರುಶಾಂತನ ಮುಖ ಅರಳಿತು.

"ಹಾಗಾದರೆ ನಾನೂ ಒಮ್ಮೆ ಬಿಸಿಲಿಗೆ ನಿಂತು ನನ್ನನ್ನು ನಾನೇ ನೋಡಿಕೊಳ್ಳಬೇಕು, ಅಲ್ಲವೇ ಗುರುಗಳೇ?"

"ನಿನ್ನನ್ನು ನೋಡಿಕೊಂಡದ್ದು ಸಾಕಪ್ಪ, ನಿನ್ನ ಬೆನ್ನ ಹಿಂದೆ ನಿಂತವರ ಮೇಲೆ ಏನು ಬೀಳುತ್ತಿದೆ, ತಿರುಗಿ ನೋಡು" ಎಂದರು ಗುರುಗಳು.