ಯಾರೂ ಕರೀದ ಫೈಲು, ಗುರುಪಾದನ ಫಜೀತಿ

ಕೇಳ್ರಿ, ಒಂದೂರಾಗ ನೀಲಗಂಗವ್ವ ಅಂತ ಒಬ್ಬಾಕಿ ಇದ್ದಳು. ಕಂಪ್ಯೂಟರ್ ಮುಂದ ಕೂತು ಪುಸ್ತಕದ ಪುಟ ಕಟ್ಟೋದು ಆಕಿ ಕಸಬು. ಆಕಿ ಮಗ ಗುರುಪಾದ. ಆಳು ಬೆಳದಿದ್ದ, ಬುದ್ಧಿ ಹಿಂದ ಉಳದಿತ್ತು. ಕಂಪ್ಯೂಟರಿಗೆ ಸಾಲುಸಾಲಾಗಿ ಅಪ್ಪಣೆ ಬರದಿಡೋ ಶೆಲ್ ಸ್ಕ್ರಿಪ್ಟು ಒಂದು ಅವಗ ಬರ್ತಿತ್ತು. ಅದೂ ಅವನಂಥದ್ದ, ಹೇಳಿದಷ್ಟ ಮಾಡ್ತದ, ಹೇಳಿದ್ದ ಯಾಕಂತ ಕೇಳೂದಿಲ್ಲ.

ದನದ ಡಾಕ್ಟರ್ ಕಲ್ಮೇಶಪ್ಪನವರು ಎಮ್ಮಿ ಸಾಕೋದರ ಮ್ಯಾಲೆ ಪುಸ್ತಕ ಬರದಿದ್ರು. ಬರೀತ ಬರೀತ ಅಧ್ಯಾಯ ಬದಲಿಸಿದ್ರು, ಚಿತ್ರ ಬದಲಿಸಿದ್ರು. ಹಳೇವೆಲ್ಲ ಫೋಲ್ಡರಿನಾಗ ಕಸದಂಗ ಬಿದ್ದಿದ್ವು. “ಹಸನ ಮಾಡಿ ಕೊಡ್ರಿ ಬಾಯಾರ, ಇಲ್ಲಾಂದ್ರ ಬ್ಯಾರೆ ಕಡೆ ಕೊಡ್ತೀನಿ” ಅಂದುಬಿಟ್ರು.

ನೀಲಗಂಗವ್ವ ಮಗನ್ನ ಕರದಳು. “ನೋಡಪಾ, ಪುಸ್ತಕಕ್ಕ ಒಂದು ಯಜಮಾನ ಫೈಲ್ ಐತಿ. ಅದು ಯಾವ ಫೈಲನ್ನ ಹೆಸರು ಹಿಡದು ಕರೀತದೋ ಅದು ಬೇಕು. ಕರೀದಿದ್ದನ್ನ ತಗದು ಒಗಿ.”

“ಹೂಂ ಯವ್ವಾ!”

ಸ್ಕ್ರಿಪ್ಟ್ ಬರದ, ಓಡಿಸಿದ. ಯಜಮಾನ ಫೈಲು ಕರೀತಿದ್ದದ್ದು ಅಧ್ಯಾಯಗಳನ್ನ ಅಷ್ಟ. ಚಿತ್ರಗಳನ್ನ ಕರೀತಿದ್ದದ್ದು ಅಧ್ಯಾಯಗಳು. ಎಲ್ಲಾ ಚಿತ್ರ ಹೋದ್ವು! ಎಮ್ಮಿ ಪುಸ್ತಕದಾಗ ಒಂದೂ ಎಮ್ಮಿ ಉಳೀಲಿಲ್ಲ!

“ಅಯ್ಯೋ ನನ್ನ ಹಣೆಬರಾ! ಎಮ್ಮಿ ಎಲ್ಲೋ?”

“ಯಜಮಾನ ಕರೀಲಿಲ್ಲ ಯವ್ವಾ.”

“ಯಜಮಾನನೊಬ್ಬನ್ನ ಕೇಳಿದ್ರ ಹೆಂಗೋ? ಎಲ್ಲಾ ಫೈಲಿನೊಳಗೂ ಹೆಸರು ಹುಡುಕು! ಎಲ್ಲೆರ ಹೆಸರಿದ್ರ ಇರಲಿ!” ಪುಣ್ಯಾಕ್ಕ ಪೆನ್‌ಡ್ರೈವಿನಾಗ ಪ್ರತಿ ಇತ್ತು, ಮತ್ತ ಹಾಕಿಕೊಟ್ಟಳು.

“ಹೂಂ ಯವ್ವಾ!”

ಎಲ್ಲಾ ಫೈಲಿನೊಳಗೂ ಹುಡುಕಿದ. ಡಾಕ್ಟರು ಪ್ರತಿ ಅಧ್ಯಾಯದ ತಲಿಮ್ಯಾಲೆ ಅದರ ಫೈಲಿನ ಹೆಸರ ಬರದಿಟ್ಟಿದ್ರು. ಹಿಂಗಾಗಿ ಹಳೇ ಅಧ್ಯಾಯ ಒಂದೂ ಕದಲಲಿಲ್ಲ. ಅವು ಹಳೇ ಚಿತ್ರಗಳನ್ನೂ ಕೈಹಿಡದು ಕುಂದ್ರಿಸಿಕೊಂಡ್ವು!

“ಎಲ್ಲಾ ಬೇಕಾದ್ದ ಯವ್ವಾ!”

“ಮುಠ್ಠಾಳ! ತನ್ನ ಹೆಸರ ತಾನ ಹೇಳಿಕೊಂಡ್ರ ಕರದಂಗೇನೋ? ಮತ್ತೊಬ್ರು ಕರೀಬೇಕು! ಮತ್ತೊಬ್ರು ಕರೀದಿದ್ದನ್ನ ಒಗಿ!”

“ಹೂಂ ಯವ್ವಾ!”

ಈಗ ಸ್ಕ್ರಿಪ್ಟ್ ಓಡಿತು. ಯಜಮಾನ ಫೈಲು ಎಲ್ಲಾರನೂ ಕರೀತದ. ಅದನ್ನ ಕರಿಯೋರು ಯಾರು? ಯಾರೂ ಇಲ್ಲ! ಯಜಮಾನನ ಹೋದ! ಪುಸ್ತಕ ಕಟ್ಟಾಕ ಹೋದ್ರ ಕಂಪ್ಯೂಟರ್ ‘ಎಲ್ಲಿ ಪುಸ್ತಕ?’ ಅಂದಿತು.

ನೀಲಗಂಗವ್ವ ನೆಲಕ್ಕ ಕುಸದು ಕೂತಳು. ಕಣ್ಣಾಗ ನೀರು. ಕೈಯಾಗಿನ ಕೆಲಸ ಹೋದ್ರ ಮುಂದಿನ ಕೆಲಸ ಕೊಡೋರು ಯಾರು? ಗುರುಪಾದ ಆಕಿ ಸೆರಗು ಹಿಡದು ಕೂತ. “ಅಳಬ್ಯಾಡ ಯವ್ವಾ. ಈ ಸಲ ಹೇಳು, ಹೇಳಿದಂಗ ಮಾಡ್ತೀನಿ.”

“ಅದ ನನ್ನ ಹೆದರಿಕಿ!” ಅಂತ ಆಕಿ ಮೂಗು ಒರಸಿಕೊಂಡು, ಪೆನ್‌ಡ್ರೈವಿನ ಪ್ರತಿ ಮತ್ತೊಮ್ಮೆ ಹಾಕಿಕೊಟ್ಟಳು. “ಕೇಳು. ಯಜಮಾನನ್ನ ಮುಟ್ಟಬ್ಯಾಡ. ಅವನಿಂದ ಹಿಡದು ಕರೀತ ಕರೀತ ಹೋಗು, ಯಾವುದಕ್ಕ ಕರೆ ಮುಟ್ಟೂದಿಲ್ಲೋ ಅದು ಬ್ಯಾಡಾದ್ದು. ಆದರ ಒಗೀಬ್ಯಾಡ! ಕರೀದಿದ್ದನ್ನ ಪಕ್ಕಕ್ಕ ಸರಿಸಿಡು. ಬಾಗಲಾ ಹಾಕಿದಂಗ ಭದ್ರ ಇಡು. ನಾ ಪೇಟಿಗೆ ಹೋಗಿ ಬಂದು ನೋಡಿ ಹೇಳ್ತೀನಿ, ಅಳಿಸೋದೋ ಬ್ಯಾಡೋ.”

“ಹೂಂ ಯವ್ವಾ!”

ಸಂಜಿಗೆ ಆಕಿ ಬಂದಳು. ಕಂಪ್ಯೂಟರ್ ಮುಂದ ಕೂತು ನೋಡಿದಳು. ಹಳೇ ಅಧ್ಯಾಯ ಬ್ಯಾರೆ ಫೋಲ್ಡರಿನಾಗ, ಹಳೇ ಚಿತ್ರ ಬ್ಯಾರೆ ಫೋಲ್ಡರಿನಾಗ. ಎಮ್ಮಿಗಳೆಲ್ಲ ಜಾಗಾದಾಗ. ಯಜಮಾನ ಗಟ್ಟಿ. ಪುಸ್ತಕ ಕಟ್ಟಿದಳು, ಪೂರ್ತಿ ಬಂತು!

“ಬಂಗಾರದಂಥಾ ಮಗನ!” ಅಂತ ತಲಿ ಸವರಿದಳು. “ಇನ್ನ ಡಾಕ್ಟರಿಗೆ ಹೇಳಿ ಕಳಿಸಿದ್ರಾತು. ಅವರೇನರ ಬಂದಿದ್ರೇನು?”

“ಬಂದಿದ್ರು ಯವ್ವಾ. ‘ಯಾರರ ಕರದಾರೇನ್ರಿ’ ಅಂತ ಕೇಳಿದೆ. ‘ಇಲ್ಲ, ನಾನ ಬಂದೀನಿ’ ಅಂದ್ರು.”

“ಆಮ್ಯಾಲೆ?”

ಅಷ್ಟೊತ್ತಿಗೆ ಹಿತ್ತಲ ಮೇವಿನ ಕೋಣಿ ಬಾಗಲಾ ದಬದಬ ಬಡದ ಸಪ್ಪಳ ಬಂತು.

ಗುರುಪಾದ ಸೊಂಟದಾಗಿನ ಚಾವಿ ತಗದು ತಾಯಿ ಅಂಗೈಯಾಗ ಇಟ್ಟ. “ಭದ್ರ ಸರಿಸಿಟ್ಟೀನಿ. ಈಗ ನೋಡಿ ಹೇಳು ಯವ್ವಾ, ಅಳಿಸೋದೋ, ಬ್ಯಾಡೋ?”